ಪೂಜೆಗಿಟ್ಟ ಸ್ಪ್ಯಾನರು

ಉದ್ದಿನಬೇಳೆ ನೆನೆಸುವ ದೊಡ್ಡ ಬೋಗುಣಿಯ ತುಂಬ ಕಪ್ಪು ಎಣ್ಣೆ. ಸ್ನೇಹಲತಾ ಅದನ್ನು ಕಣ್ಣಿನಿಂದ ನೋಡುವ ಮೊದಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಸುಟ್ಟ ರಬ್ಬರು, ಹಳೆಯ ಸೀಮೆಎಣ್ಣೆ, ಎರಡು ದಿನದ ಕೆಳಗೆ ಸತ್ತ ಇಲಿ ಎಲ್ಲ ಸೇರಿದ ವಾಸನೆ. ದೆಹಲಿಯ ಜನಕಪುರಿಯ ಅವರ ಮನೆಯ ಮುಂದೆ ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ ಬಿಳಿ ಕಾರಿನ ಕೆಳಗೆ ಆ ಬೋಗುಣಿ ಕೂತಿತ್ತು. ಅದರ ಪಕ್ಕದಲ್ಲಿ ಮಗನ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು.

“ಸುಶಾಂತಾ, ಅದು ವಡೆಯ ಬೇಳೆ ನೆನೆಹಾಕುವ ಪಾತ್ರೆ ಮಾರಾಯ!”

“ತೊಳೆದು ಕೊಡ್ತೇನಮ್ಮ. ಅದಕ್ಕೆ ಎಂಥ ಆಗ್ಲಿಕ್ಕುಂಟು?” ಎಂದವು ಕಾಲುಗಳು.

ತೊಳೆದು ಕೊಡುತ್ತಾನಂತೆ! ಇಪ್ಪತ್ತೇಳು ವರ್ಷದಲ್ಲಿ ತಾನು ಉಂಡ ತಟ್ಟೆಯನ್ನು ಸಿಂಕಿನವರೆಗೆ ಒಯ್ಯದ ಗಂಡಸು ಇಂಜಿನ್ ಎಣ್ಣೆಯ ಬೋಗುಣಿ ತೊಳೆಯುತ್ತಾನೆ, ಅದರಲ್ಲಿ ಇವಳು ಬೇಳೆ ನೆನೆಸುತ್ತಾಳೆ, ಊರವರೆಲ್ಲ ವಡೆ ತಿನ್ನುತ್ತಾರೆ. ಮಾರ್ಕೆಟ್ಟಿನಲ್ಲಿ ಅವಳ ಗಂಡ ಅಣ್ಣು ಇಪ್ಪತ್ತೆಂಟು ವರ್ಷದಿಂದ ನಡೆಸುತ್ತಿರುವ ಹೋಟೆಲಿಗೆ ದೊಡ್ಡ ಹೆಸರೇನೂ ಇಲ್ಲ. ಆದರೆ ಅಲ್ಲಿನ ಅಡಿಗೆಮನೆಯ ನೆಲದ ಮೇಲೆ ಬಡಿಸಿದರೂ ಉಣ್ಣಬಹುದು ಎಂದು ಮೂಗು ಮುರಿಯುವ ಹೆಂಗಸರೂ ಹೇಳುತ್ತಿದ್ದರು. ಆ ಮಾತು ಸ್ನೇಹಲತಾಳ ರಟ್ಟೆಯ ಬಲದಿಂದ ಬಂದದ್ದು. ಬೋಗುಣಿಯನ್ನು ಅವಳು ಅಂದೇ ಗುಜರಿ ಕೊಳ್ಳುವ ಕಬಾಡಿಯವನಿಗೆ ಕೊಟ್ಟುಬಿಟ್ಟಳು.

ಕಾರು ಸುಶಾಂತನದೇ ಆಗಿದ್ದರೆ ಅವಳು ಇಷ್ಟು ಸಂಕಟಪಡುತ್ತಿರಲಿಲ್ಲ. ಅದು ಮಗಳದ್ದು. ನಿಶ್ಮಿತಾ ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸೇರುವಾಗ ಮನೆಯಲ್ಲಿ ಕುರುಕ್ಷೇತ್ರವೇ ನಡೆದಿತ್ತು. ಜೊತೆ ಕೆಲಸದ ಧನ್ಯಾ ಆಫೀಸಿನ ಹತ್ತಿರ ಫ್ಲ್ಯಾಟು ಹಿಡಿದಿದ್ದಾಳೆ, ತಾನೂ ಅಲ್ಲೇ ಇರುತ್ತೇನೆ ಎಂದು ಮಗಳು. ಮದುವೆಯಾಗದ ಹುಡುಗಿ ಬೇರೆ ಮನೆ ಹಿಡಿಯುವುದಾದರೆ ಕೆಲಸವೇ ಬೇಡ ಎಂದು ಅಪ್ಪ. ಒಂದು ವಾರ ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ದಾರಿ ಹುಡುಕಿದವಳು ಸ್ನೇಹಲತಾ. ಮಗಳು ತನ್ನ ದುಡ್ಡಿನಿಂದಲೇ ಒಂದು ಹಳೇ ಕಾರು ಕೊಳ್ಳಲಿ, ಬೆಳಿಗ್ಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಲಿ. ಇಬ್ಬರೂ ಗೊಣಗುತ್ತಲೇ ಒಪ್ಪಿದರು. ಅಂದಿನಿಂದ ಎಂಟು ಗಂಟೆಯ ಸುಮಾರಿಗೆ ಗೇಟಿನ ಹೊರಗೆ ಆ ಕಾರಿನ ಹಾರನ್ನು ಕೇಳಿದರೆ ಸ್ನೇಹಲತಾ ಒಲೆಯ ಮೇಲೆ ಕಾವಲಿ ಇಡುತ್ತಿದ್ದಳು. ಆ ಕಾರು ಓಡುವಷ್ಟು ದಿನ ಮಗಳು ಈ ಮನೆಯಲ್ಲಿ, ಕಾರು ನಿಂತರೆ ಏನಾದರೊಂದು ಆಗಿಯೇ ಆಗುತ್ತದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂಥ ಕಾರಿಗೆ ಮಗರಾಯ ಟರ್ಬೊ ಕೂರಿಸಲು ಹೊರಟಿದ್ದ.

ನಿಶ್ಮಿತಾ ಆಫೀಸಿನ ಕೆಲಸದ ಮೇಲೆ ನಾಲ್ಕು ದಿನ ಪುಣೆಗೆ ಹೋಗಿದ್ದಾಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಮನೆಗೆ ಬಂತು. ಅದರೊಳಗೆ ಬಸವನಹುಳದ ಚಿಪ್ಪಿನ ಆಕಾರದ ಒಂದು ಕಬ್ಬಿಣದ ಗಡ್ಡೆ, ಕೊಳವೆಗಳು, ಹಿಡಿತುಂಬ ಕ್ಲಿಪ್ಪುಗಳು. ಇಂಜಿನ್ನು ಹೊರಗೆ ಬಿಡುವ ಬಿಸಿಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಇಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಯಂತ್ರವಂತೆ. ಅಂದರೆ ತಾನು ಬಿಟ್ಟದ್ದನ್ನೇ ತಾನು ತಿನ್ನುವುದು ಎಂದು ಸ್ನೇಹಲತಾ ಅರ್ಥ ಮಾಡಿಕೊಂಡು ಮುಖ ಕಿವುಚಿದಳು. ಸುಶಾಂತನಿಗೆ ಮನೆಯಿಂದಲೇ ಕಂಪ್ಯೂಟರಿನ ಕೆಲಸ, ಕೈಯಲ್ಲಿ ಬೇಕಾದಷ್ಟು ಹೊತ್ತು, ಮೊಬೈಲಿನಲ್ಲಿ ಬೇಕಾದಷ್ಟು ವಿಡಿಯೊ. ಎರಡೇ ದಿನದ ಕೆಲಸ ಎಂದು ಶುರು ಮಾಡಿದ್ದ. ಮಗಳು ಪುಣೆಯಿಂದ ಬಂದಾಗ ಅವಳ ಕಾರಿನ ಹೊಟ್ಟೆಯೊಳಗಿದ್ದದ್ದೆಲ್ಲ ಹಳೇ ಪೇಪರಿನ ಮೇಲೆ ಹರಡಿಕೊಂಡಿತ್ತು.

“ಗಿಫ್ಟ್ ಯಾರ್, ನಿಶೂ. ಇನ್ನು ನಿನ್ನನ್ನು ಹೈವೇಯಲ್ಲಿ ಯಾರೂ ಓವರ್‌ಟೇಕ್ ಮಾಡ್ಲಿಕ್ಕಿಲ್ಲ,” ಎಂದು ಸುಶಾಂತ ಹಲ್ಲು ಬಿಟ್ಟ.

“ನಾನು ಕೇಳಿದ್ನಾ? ನನ್ನ ಗಾಡಿ ಅದು. ಪೂಛ್ ತೋ ಲೇತೇ, ಒಂದು ಮಾತು ಕೇಳ್ಬಾರ್ದಾ!”

“ಗಿಫ್ಟ್ ಅಂದ್ರೆ ಯಾರಾದ್ರೂ ಕೇಳಿ ಕೊಡ್ತಾರಾ?”

ಹೋಟೆಲಿಗೆ ಹೊರಟಿದ್ದ ಅಣ್ಣು ಚಪ್ಪಲಿ ಮೆಟ್ಟುತ್ತ, “ಇರ್ಲಿ ಮಗಾ, ಅಣ್ಣ ಅಲ್ವಾ, ಪ್ರೀತಿಯಲ್ಲಿ ಮಾಡಿದ್ದು,” ಎಂದ. ಆ ಮಾತಿಗೆ ಮಗಳ ಮುಖ ಹೇಗಾಯಿತೆಂದು ಸ್ನೇಹಲತಾ ನೋಡಿದಳು, ನೋಡಿ ಒಳಗೆ ಹೋದಳು.

ಎರಡು ದಿನ ಹೋಗಿ ಒಂದು ತಿಂಗಳಾಯಿತು. ಆ ತಿಂಗಳಲ್ಲಿ ಮನೆಯಲ್ಲಿ ಮುಟ್ಟಬಹುದಾದ ಜಾಗವೇ ಉಳಿಯಲಿಲ್ಲ. ಬಾಗಿಲಿನ ಹಿಡಿಕೆ ಜಿಡ್ಡು, ಫ್ರಿಜ್ಜಿನ ಮೇಲೆ ಕಪ್ಪು ಐದು ಬೆರಳು, ಬಚ್ಚಲಿನ ಬಿಳಿ ಟೈಲಿನ ಮೇಲೆ ಎಷ್ಟು ಉಜ್ಜಿದರೂ ಹೋಗದ ಎಣ್ಣೆಯ ಕಲೆ. ಇಡ್ಲಿ ತಟ್ಟೆಗೆ ಹಾಸುವ ಬಟ್ಟೆ ಎರಡು ಕಾಣೆಯಾಗಿ, ಕೊನೆಗೆ ಇಂಜಿನ್ನಿನ ಸಂದಿಯಲ್ಲಿ ಸತ್ತ ಕಾಗೆಯ ಹಾಗೆ ಸಿಕ್ಕಿಕೊಂಡು ಸಿಕ್ಕಿದವು. ಒಂದು ದಿನ ಅವನು ನಿಶ್ಮಿತಾಳ ಹಲ್ಲುಜ್ಜುವ ಬ್ರಷ್ಷನ್ನು ತೆಗೆದುಕೊಂಡು ಹೋಗಿ ಹೊಗೆಕೊಳವೆಯ ಮಸಿ ತಿಕ್ಕಿ, ತೊಳೆದು, ಮತ್ತೆ ಅದೇ ಲೋಟದಲ್ಲಿ ಇಟ್ಟಿದ್ದ. ನಿಶ್ಮಿತಾ ಅದನ್ನು ಬಾಯಿಗೆ ಇಟ್ಟುಕೊಂಡ ಮೇಲೆ ಗೊತ್ತಾದದ್ದು. ಅವಳು ಬಚ್ಚಲಲ್ಲಿ ವಾಕರಿಸುವುದನ್ನು ಕೇಳಿ ಸ್ನೇಹಲತಾ ಆ ಲೋಟವನ್ನೇ ಹೊರಗೆ ಎಸೆದಳು. ಸುಶಾಂತ ಮಾತ್ರ, “ಹೊಸದು ತಂದುಕೊಡ್ತೇನೆ, ಏನು ಮಹಾ,” ಎಂದು ಚಹಾ ಹೀರಿದ. ಅವನ ಜೊತೆಗೆ ಗಗನ್ ಎಂಬ ಗೆಳೆಯ ಬೇರೆ. ತೆರೆದ ಬಾನೆಟ್ಟಿನ ಅಂಚಿನಲ್ಲಿ ಮೋಮೊ ತಟ್ಟೆ ಇಟ್ಟುಕೊಂಡು, ಕೆಂಪು ಚಟ್ನಿ ಅದ್ದಿದ ಬೆರಳಿನಿಂದಲೇ ಬೋಲ್ಟು ತಿರುಗಿಸಿ, ಮತ್ತೆ ಆ ಬೆರಳನ್ನೇ ನೆಕ್ಕುತ್ತಿದ್ದ ಪ್ರಾಣಿ. ಅವನಿಗೆ ಚಹಾ ಕೊಡಲು ಸ್ನೇಹಲತಾ ಬೇರೆ ಲೋಟವನ್ನೇ ಇಟ್ಟಿದ್ದಳು.

ನಿಶ್ಮಿತಾ ಮೆಟ್ರೊದಲ್ಲಿ ಹೋಗತೊಡಗಿದಳು. ಹೌಜ್ ಖಾಸ್‌ನಲ್ಲಿ ರೈಲು ಬದಲಿಸಿ, ಆಚೆ ಶೇರ್ ಆಟೊ ಹಿಡಿದು, ವಾಪಸು ಬರುವಾಗ ಒಂಬತ್ತೂವರೆ, ಹತ್ತು. ತಡವಾದ ದಿನ ಧನ್ಯಾಳ ಫ್ಲ್ಯಾಟಿನಲ್ಲೇ ಉಳಿದಳು. ಮೊದಲು ಒಂದು ರಾತ್ರಿ, ಆಮೇಲೆ ವಾರಕ್ಕೆ ಎರಡು. ಅಣ್ಣುವಿನ ಸಿಟ್ಟು ಏರಿತು. ಸಿಟ್ಟು ಕಾರು ಬಿಚ್ಚಿದವನ ಮೇಲೆ ಬರಬೇಕಿತ್ತು, ಬಂದದ್ದು ಕಾರಿಲ್ಲದವಳ ಮೇಲೆ. “ದಸರೆ ಆದ ಮೇಲೂ ಹೀಗೇ ಆದ್ರೆ ಕೆಲಸ ಬಿಟ್ಟು ಹೋಟೆಲಿನ ಗಲ್ಲೆಯಲ್ಲಿ ಕೂತುಕೋ,” ಎಂದು ಒಂದು ದಿನ ಊಟದ ಹೊತ್ತಿಗೆ ಹೇಳಿಯೇಬಿಟ್ಟ. ನಿಶ್ಮಿತಾ ಕೈ ತೊಳೆದು ಎದ್ದಳು. ಅಂದಿನಿಂದ ರಜೆಯ ದಿನಗಳಲ್ಲಿ ತಾನೇ ಟಾರ್ಚು ಹಿಡಿದು ಕಾರಿನ ಪಕ್ಕ ನಿಂತಳು. ಬೇಗ ಮುಗಿಯಲಿ ಎಂಬ ಒಂದೇ ಆಸೆ. ಅಣ್ಣ ಯಾವ ಕೊಳವೆ ಎಲ್ಲಿಗೆ ಹಾಕಿದ, ಯಾವ ಬೋಲ್ಟು ಬಿಗಿ, ಯಾವುದು ಸಡಿಲ ಎನ್ನುವುದೆಲ್ಲ ಅವನಿಗಿಂತ ಅವಳಿಗೇ ಹೆಚ್ಚು ನೆನಪಿರುತ್ತಿತ್ತು.

ಅಷ್ಟಮಿಯ ಸಂಜೆ ಕೆಲಸ ಮುಗಿಯುವ ಹಂತಕ್ಕೆ ಬಂತು. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಕೊಳವೆಯ ಬೋಲ್ಟಿಗೆ ತಾಮ್ರದ ವಾಶರು ಬೇಕಿತ್ತು. ಅದು ಬರುವಾಗಲೇ ಕತ್ತಲಾಗಿತ್ತು. ಸುಶಾಂತ ಬೋಲ್ಟನ್ನು ಬರಿ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಗಗನ್ ಫೋನು ಮಾಡಿದ. “ಬೆಳಿಗ್ಗೆ ಹದಿನೇಳರ ಸ್ಪ್ಯಾನರಿನಿಂದ ಒಂದು ಎಳೆತ ಎಳೆದ್ರೆ ಮುಗೀತು,” ಎಂದು ಟಾರ್ಚು ಹಿಡಿದಿದ್ದ ತಂಗಿಗೆ ಹೇಳಿ ಸುಶಾಂತ ಬೈಕು ಹತ್ತಿ ಹೋದ.

ಅವನು ಹೋದದ್ದೇ ಸ್ನೇಹಲತಾ ಹತಾರಗಳನ್ನೆಲ್ಲ ಬಳಿದು ಒಳಗೆ ತಂದಳು. ಮರುದಿನ ಆಯುಧಪೂಜೆ. ಅವರ ಮನೆಯಲ್ಲಿ ಅದು ನಡೆದುಕೊಂಡು ಬಂದ ಕ್ರಮ: ದುಡಿಯುವ ಸಾಮಾನೆಲ್ಲ ಅಷ್ಟಮಿಯ ಸಂಜೆ ತೊಳೆದು ದೇವರ ಮುಂದೆ ಇಡಬೇಕು, ನವಮಿಯ ದಿನ ಅವನ್ನು ಯಾರೂ ಮುಟ್ಟಬಾರದು, ದಶಮಿಯ ಬೆಳಿಗ್ಗೆ ಮತ್ತೆ ಆರತಿ ಎತ್ತಿದ ಮೇಲೆ ಕೈಗೆ ತೆಗೆದುಕೊಳ್ಳಬೇಕು. ಹೋಟೆಲಿನ ಚೂರಿ, ಸಟ್ಟುಗ, ಈಳಿಗೆಮಣೆ, ಕಾಯಿ ತುರಿಯುವ ಮಣೆ, ಎಲ್ಲವೂ ಸಾಲಾಗಿ ಕೂತಿದ್ದವು. ಸ್ಪ್ಯಾನರುಗಳನ್ನು ಅವಳು ಸೀಮೆಎಣ್ಣೆಯಲ್ಲಿ ತಿಕ್ಕಿ, ಸೋಪು ಹಾಕಿ, ಹುಣಸೆಹುಳಿಯಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಒಂದೊಂದಕ್ಕೂ ಗಂಧ ಕುಂಕುಮ ಇಟ್ಟಳು. ದೀಪದ ಬೆಳಕಿಗೆ ಅವು ಬೆಳ್ಳಿಯ ಹಾಗೆ ಹೊಳೆದವು. ತಿಂಗಳಿನಲ್ಲಿ ಮೊದಲ ಸಲ ಆ ಕಾರಿಗೆ ಸಂಬಂಧಪಟ್ಟ ಒಂದು ವಸ್ತು ಅಸಹ್ಯ ಹುಟ್ಟಿಸದೆ ಅವಳ ಕಣ್ಣಿಗೆ ಬಿದ್ದಿತ್ತು.

ಬೆಳಿಗ್ಗೆ ನಿಶ್ಮಿತಾ ಸ್ನಾನ ಮಾಡಿ ಬಂದು ದೇವರ ಮುಂದೆ ಬಗ್ಗಿದಳು.

“ಅಮ್ಮ, ಹದಿನೇಳರದ್ದು ಒಂದು ತಕ್ಕೊಳ್ತೇನೆ. ಎಣ್ಣೆಯ ಪೈಪಿನ ಬೋಲ್ಟು ಟೈಟ್ ಮಾಡಿಲ್ಲ ಅವನು. ಬರಿ ಕೈಯಲ್ಲಿ ತಿರುಗಿಸಿ ಬಿಟ್ಟದ್ದು. ನಾನೇ ಟಾರ್ಚು ಹಿಡಿದಿದ್ದೆ.”

“ಮುಟ್ಬೇಡ! ಪೂಜೆಗೆ ಇಟ್ಟದ್ದು.”

“ಎರಡು ನಿಮಿಷ ಅಮ್ಮ. ತೊಳೆದು ಪುನಃ ಇಡ್ತೇನೆ.”

ತೊಳೆದು ಇಡುತ್ತೇನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸ್ನೇಹಲತಾಳ ಮೈ ಉರಿಯಿತು. ಈ ಮನೆಯಲ್ಲಿ ಎಲ್ಲರೂ ತೊಳೆದು ಇಡುವವರೇ. ಹೊಳೆಯುವ ಆ ಸ್ಪ್ಯಾನರು ಮತ್ತೆ ಆ ಹೊಲಸಿನೊಳಗೆ ಹೋಗಿ ಬರುವುದನ್ನು ಅವಳಿಂದ ನೆನೆಸಲೂ ಆಗಲಿಲ್ಲ.

“ನಾಳೆ ಮಾಡಿದ್ರಾಯ್ತು. ಇವತ್ತು ಓಡಿಸುದು ಬೇಡ.”

“ಹಾಗಾದ್ರೆ ಸ್ಟಾರ್ಟ್ ಮಾಡ್ಲಿಕ್ಕೆ ಬಿಡ್ಬೇಡ. ಅದು ಲೀಕ್ ಆದ್ರೆ ಎಣ್ಣೆ ನೇರ ಬಿಸಿ ಕಬ್ಬಿಣದ ಮೇಲೆ ಬೀಳುದು. ಪ್ರಾಮಿಸ್?”

“ಆಯ್ತು ಮಾರಾಯ್ತಿ, ತಳ್ಳಿಯೇ ನಿಂಬೆಹಣ್ಣಿನ ಮೇಲೆ ಹತ್ತಿಸುವ,” ಎಂದಳು ಸ್ನೇಹಲತಾ. ಮಗಳು ಅಷ್ಟಕ್ಕೆ ನಂಬಿ ಹೂವು ಕಟ್ಟಲು ಕೂತಳು.

ಹನ್ನೊಂದು ಗಂಟೆಗೆ ಭಟ್ಟರು ಬಂದರು. ಅವರಿಗೆ ಇನ್ನೂ ಮೂರು ಮನೆಯ ಪೂಜೆ ಬಾಕಿ. ಕಾರಿಗೆ ಚೆಂಡುಹೂವಿನ ಮಾಲೆ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳ ಒಡೆದದ್ದಾಯಿತು. ಮೇಲಿನ ಮಹಡಿಯವರು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ಸುಶಾಂತ ಹೊಸ ಜುಬ್ಬಾ ಹಾಕಿಕೊಂಡು ಸ್ಟಿಯರಿಂಗಿನ ಮುಂದೆ ಕೂತಿದ್ದ. ಗಗನ್ ಎದುರಿಗೆ ಮೊಬೈಲು ಹಿಡಿದು ವಿಡಿಯೊ ತೆಗೆಯಲು ನಿಂತಿದ್ದ.

“ತಳ್ಳುವ,” ಎಂದಳು ಸ್ನೇಹಲತಾ.

ಅಣ್ಣು ಹೆಂಡತಿಯ ಕಡೆ ತಿರುಗಿದ. “ತಳ್ಳುದಾ? ಪೂಜೆ ಮಾಡಿದ ಗಾಡಿ ಹೆಣದ ಹಾಗೆ ತಳ್ಳಿಕೊಂಡು ಹೋಗುದಾ? ಜನ ನೋಡ್ತಾ ಇದ್ದಾರೆ. ಸ್ಟಾರ್ಟ್ ಮಾಡೋ.”

“ಅಪ್ಪ, ಬೋಲ್ಟು ಲೂಸ್ ಉಂಟು,” ಎಂದಳು ನಿಶ್ಮಿತಾ.

“ಎರಡು ಅಡಿಗೆ ಏನೂ ಆಗುದಿಲ್ಲ ಯಾರ್. ಇವಳೊಬ್ಬಳು ಇಂಜಿನಿಯರು!” ಎಂದ ಸುಶಾಂತ. ಗಗನ್ ನಕ್ಕ.

ನಿಶ್ಮಿತಾ ತಾಯಿಯ ಕಡೆ ನೋಡಿದಳು. “ಅಮ್ಮ, ನೀನು ಹೇಳು.”

ಭಟ್ಟರು ವಾಚು ನೋಡಿಕೊಂಡರು. ಬಾಲ್ಕನಿಯಿಂದ ಯಾರೋ “ಚಲೋ ಭಯ್ಯಾ, ಸ್ಟಾರ್ಟ್ ಕರೋ!” ಎಂದು ಕೂಗಿದರು. ಸ್ನೇಹಲತಾಳಿಗೆ ಆ ಹೊತ್ತಿಗೆ ಬೇಕಾಗಿದ್ದದ್ದು ಇಷ್ಟೇ. ಪೂಜೆ ಸುಸೂತ್ರ ಮುಗಿಯಬೇಕು, ಎಲ್ಲರೂ ಒಳಗೆ ಹೋಗಬೇಕು, ತಾನು ಅಂಗಳ ತೊಳೆಯಬೇಕು.

“ಎರಡು ಅಡಿ ತಾನೆ,” ಎಂದಳು. “ಒಂದು ದಿನ ಬಾಯಿ ಮುಚ್ಚಿಕೊಂಡಿರು ನಿಶೂ.”

ಇಂಜಿನ್ನು ಕೆಮ್ಮಿ, ಕೆಮ್ಮಿ, ಚಾಲೂ ಆಯಿತು. ಕಾರು ಮುಂದೆ ಸರಿದು ನಿಂಬೆಹಣ್ಣುಗಳು ಪಚಕ್ಕೆಂದವು. ಅಣ್ಣು ಕೈ ಮುಗಿದ. ಭಟ್ಟರು ದಕ್ಷಿಣೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಅಲ್ಲಿಗೆ ಸುಶಾಂತ ಇಂಜಿನ್ ಆರಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಗಗನ್ ಮೊಬೈಲು ಎತ್ತಿ, “ಭಾಯ್, ಆವಾಜ್ ಸುನಾ,” ಎಂದು ಸದ್ದು ಕೇಳಿಸಲು ಹೇಳಿದ. ಸುಶಾಂತ ಆಕ್ಸಿಲರೇಟರ್ ಒತ್ತಿದ. ಒತ್ತಿ ಬಿಟ್ಟ, ಮತ್ತೆ ಒತ್ತಿದ, ಇನ್ನೂ ಜೋರಾಗಿ ಒತ್ತಿದ. ಸೀಟಿ ಊದಿದಂಥ ಸದ್ದು ಎದ್ದಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಲ್ಲು ಕಿರಿದ. ನಿಶ್ಮಿತಾ ಬಾನೆಟ್ಟಿನ ಮೇಲೆ ಎರಡೂ ಕೈಯಿಂದ ಬಡಿಯುತ್ತ ಆಫ್ ಮಾಡು, ಆಫ್ ಮಾಡು ಎಂದು ಕಿರುಚುತ್ತಿದ್ದಳು. ಅವನಿಗೆ ಅದು ವಿಡಿಯೊದ ಚೆಂದಕ್ಕೆ ಎಂದು ಕಂಡಿರಬೇಕು.

ಬಾನೆಟ್ಟಿನ ಸಂದಿಯಿಂದ ಮೊದಲು ಬಿಳಿ ಹೊಗೆ ಬಂತು, ಆಮೇಲೆ ಕಪ್ಪು. ಆಮೇಲೆ ಹೂವಿನ ಮಾಲೆಯೇ ಹತ್ತಿಕೊಂಡಿತು. ಸುಶಾಂತ ಬಾಗಿಲು ತೆರೆದು ಬಿದ್ದು ಎದ್ದು ಓಡಿದ. ಗಗನ್ ಅವನಿಗಿಂತ ಮೊದಲೇ ಗೇಟು ದಾಟಿದ್ದ, ಮೊಬೈಲು ಮಾತ್ರ ಹಿಂದಕ್ಕೆ ತಿರುಗಿಸಿಕೊಂಡು. ಮಗಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದವಳು ಸ್ನೇಹಲತಾ. ಮೇಲಿನ ಮನೆಯ ಪಂಜಾಬಿ ಹೆಂಗಸು ಬೆಂಕಿ ಆರಿಸುವ ಕೆಂಪು ಸಿಲಿಂಡರು ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ಪುಡಿ ಎರಚಿದಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬಾನೆಟ್ಟು ಕರಟಿತ್ತು, ಒಳಗಿನ ವಯರುಗಳೆಲ್ಲ ಕರಗಿ ಒಂದೇ ಮುದ್ದೆಯಾಗಿದ್ದವು. ಎಣ್ಣೆ, ಬಿಳಿ ಪುಡಿ, ಅರಿಶಿನ, ಕುಂಬಳಕಾಯಿಯ ತಿರುಳು ಎಲ್ಲ ಕಲಸಿಕೊಂಡು ಅಂಗಳದ ತುಂಬ ಹರಿಯುತ್ತಿತ್ತು. ಕರೆಸಿದ ಮೆಕ್ಯಾನಿಕ್ ಟಾರ್ಚು ಬಿಟ್ಟು ನೋಡಿ ತಲೆ ಅಲ್ಲಾಡಿಸಿದ. ಇದನ್ನು ಇನ್ನು ಕಬಾಡಿಗೆ ಕೊಡಿ ಎಂದ.

ಮಧ್ಯಾಹ್ನ ಗಂಡಸರು ಊಟಕ್ಕೆ ಕೂತರು. ಇದು ಸ್ನೇಹಲತಾಳಿಗೆ ಕೊನೆಯವರೆಗೂ ನಂಬಲಾಗದ ಸಂಗತಿ. ಕೂತರು, ಉಂಡರು. ಸುಶಾಂತ ಹೊರಗಿನಿಂದ ಬರುವಾಗ ಆ ಬಸವನಹುಳದ ಗಡ್ಡೆಯನ್ನು ಬಿಚ್ಚಿಡಬಹುದೇ ಎಂದು ಕೈ ಹಾಕಿ ನೋಡಿ, ಹಗ್ಗದ ಮೇಲೆ ಒಣಗುತ್ತಿದ್ದ ತಂಗಿಯ ದುಪಟ್ಟಾದಲ್ಲಿ ಕೈ ಒರೆಸಿಕೊಂಡಿದ್ದ.

“ಟರ್ಬೊಗೆ ಏನೂ ಆಗಿಲ್ಲ,” ಎಂದ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. “ಗಗನನ ಗಾಡಿಗೆ ಹಾಕ್ಬಹುದು.”

“ದೊಡ್ಡ ದೃಷ್ಟಿ ಇತ್ತು, ಹೋಯ್ತು ಅಂದ್ಕೊಳ್ಳುವ,” ಎಂದ ಅಣ್ಣು. “ನಿಶೂ ರೋಡಿನಲ್ಲಿ ಓಡಿಸುವಾಗ ಆಗಿದ್ರೆ? ದೇವರು ದೊಡ್ಡವ. ಕಾರೂ ಇಲ್ಲ ಇನ್ನು, ಕೆಲಸವೂ ಸಾಕು. ಸೋಮವಾರ ರಾಜೀನಾಮೆ ಬರೆದು ಕೊಟ್ಟುಬಿಡು ಮಗಾ.”

ನಿಶ್ಮಿತಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಹುಬ್ಬಿನ ಮೇಲೆ ಬಿಳಿ ಪುಡಿ ಹಾಗೇ ಇತ್ತು. ಬೆಳಿಗ್ಗೆ ಅಮ್ಮನಿಗೆ ಹೇಳಿದ್ದೆ, ಸ್ಪ್ಯಾನರು ಕೇಳಿದ್ದೆ ಎಂದು ಅವಳು ಈಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ತಾಯಿಯ ಮುಖವನ್ನು ಒಂದು ಸಲ ನೋಡಿ ಒಳಗೆ ಹೋದಳು. ಬೈದಿದ್ದರೆ ಸ್ನೇಹಲತಾ ತಡೆದುಕೊಳ್ಳುತ್ತಿದ್ದಳು.

ಮಗ ಇನ್ನೊಂದು ಹೋಳಿಗೆ ಕೇಳಿದ. ಅವನ ಉಗುರಿನ ಸಂದಿಯ ಕಪ್ಪು, ಅದರ ಮೇಲೆ ಹರಿಯುವ ತುಪ್ಪ, ಜಗಿಯುವ ಬಾಯಿಯ ಚಪ್ ಚಪ್ ಸದ್ದು. ಹೆತ್ತ ಮಗನನ್ನು ನೋಡಿ ಹೇಸಿಗೆಪಡುವ ಕಾಲ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಗಂಡನನ್ನು ನೋಡಿದಳು, ಅದೇ ಹೇಸಿಗೆ. ಆಮೇಲೆ ಬಡಿಸುತ್ತಿದ್ದ ತನ್ನ ಕೈ ನೋಡಿಕೊಂಡಳು. ಒಂದು ತಿಂಗಳಿನಿಂದ ಒಂದು ಚುಕ್ಕೆ ಎಣ್ಣೆ ನಿಲ್ಲದ ಹಾಗೆ ಉಜ್ಜಿ ಉಜ್ಜಿ ಇಟ್ಟುಕೊಂಡ ಕೈ. ಎಲ್ಲಕ್ಕಿಂತ ಹೆಚ್ಚು ಅಸಹ್ಯವಾದದ್ದು ಅದನ್ನು ಕಂಡೇ. ಹೋಳಿಗೆಯ ತಟ್ಟೆಯನ್ನು ಅಲ್ಲೇ ಇಟ್ಟು ಅವಳು ಒಳಗೆ ಹೋದಳು.

ದಶಮಿಯ ಬೆಳಿಗ್ಗೆ ಆರತಿ ಎತ್ತಿದ ಕೂಡಲೇ ಸುಶಾಂತ ಸ್ಪ್ಯಾನರುಗಳನ್ನು ಹಿಡಿದುಕೊಂಡು ಟರ್ಬೊ ಬಿಚ್ಚಲು ಹೊರಗೆ ಹೋದ. ನಿಶ್ಮಿತಾ ಕೋಣೆಯಿಂದ ಬಂದಳು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಒಂದು ಸೂಟ್‌ಕೇಸು.

“ಎಲ್ಲಿಗೆ?” ಎಂದ ಅಣ್ಣು.

“ಧನ್ಯಾಳ ಮನೆಗೆ. ಇನ್ನು ಅಲ್ಲೇ ಇರ್ತೇನೆ.”

“ಕೆಲಸ ಬಿಡು ಅಂದದ್ದು ಕೇಳ್ಲಿಲ್ವಾ?”

“ಕಾರು ಹೋಯ್ತು ಅಂತ ನೀವು ಕೆಲಸ ಬಿಡು ಅಂದ್ರಿ. ಕಾರು ಹೋಯ್ತು ಅಂತ ನಾನು ಮನೆ ಬಿಡ್ತಾ ಇದ್ದೇನೆ ಅಪ್ಪ. ವಿಜಯದಶಮಿ, ಒಳ್ಳೆ ದಿನ.”

ಅಣ್ಣು ಹೆಂಡತಿಯನ್ನು ನೋಡಿದ. ಎರಡು ವರ್ಷದ ಹಿಂದಿನ ಹಾಗೆ ಅವಳು ನಡುವೆ ಬಂದು ಏನಾದರೊಂದು ದಾರಿ ಹುಡುಕುತ್ತಾಳೆ ಎಂದು ಕಾದ. ಸ್ನೇಹಲತಾ ಮಗಳ ಕೈಯಿಂದ ಸೂಟ್‌ಕೇಸು ತೆಗೆದುಕೊಂಡು ಹೊರಗೆ ನಡೆದಳು. ಅಂಗಳದ ಜಿಡ್ಡಿನ ಮೇಲೆ ಹೊಸ ಸೀರೆಯ ನಿರಿಗೆ ಎಳೆದುಕೊಂಡು ಹೋಯಿತು, ಅವಳು ಎತ್ತಿ ಹಿಡಿಯಲಿಲ್ಲ.

ಬೀದಿಯ ಮೂಲೆಯಲ್ಲಿ ಇ-ರಿಕ್ಷಾ ನಿಂತಿತು. ಸೂಟ್‌ಕೇಸು ಒಳಗಿಟ್ಟಳು. ಸ್ನೇಹಲತಾ ರಿಕ್ಷಾದ ಕಂಬಿ ಹಿಡಿದು ನಿಂತಳು.

“ನಿನ್ನೆ ನಾನು ಆ ಸ್ಪ್ಯಾನರು ಕೊಟ್ಟಿದ್ರೆ...”

ನಿಶ್ಮಿತಾ ತಾಯಿಯ ಕೆನ್ನೆ ಸವರಿ ರಿಕ್ಷಾ ಹತ್ತಿ ಕೂತಳು. ಸಿಟ್ಟಿನ ಲವಲೇಶವೂ ಇಲ್ಲದ ದನಿಯಲ್ಲಿ ಹೇಳಿದಳು:

“ಕೊಟ್ಟಿದ್ರೆ ದಿನಾ ಮನೆಗೆ ಬರ್ತಿದ್ದೆ ಅಮ್ಮ.”